ನಕ್ಷೆಯಲ್ಲಿದ್ದ ‘45’: ಒಂದೇ ಮಾದರಿ ವಿಮಾನಕ್ಕೆ ಎರಡು ಸಲ ಎಂಜಿನ್ ಆರಿಸಿದ ಪ್ರಕರಣ

ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳ ಹಳೆಯ ನಕ್ಷೆಗಳಲ್ಲಿ ಎಂಜಿನ್ ಬಗ್ಗೆ ಸಿಗುವ ಮಾಹಿತಿ ಅನೇಕ ಸಲ ಒಂದೇ ಒಂದು ಅಂಕಿಯಲ್ಲಿ ಮುಗಿದುಹೋಗಿರುತ್ತದೆ. ನಾನು ಕಟ್ಟಲು ಎತ್ತಿಕೊಂಡ 1960ರ ದಶಕದ ನಕ್ಷೆಯಲ್ಲಿಯೂ ಮೂತಿಯ ಪಕ್ಕದಲ್ಲಿ ‘45’ ಎಂದಷ್ಟೇ ಬರೆದಿತ್ತು. ಅದನ್ನು ನಾನು ಶಕ್ತಿಯ ಅಳತೆಯೆಂದು ಓದಿದೆ. ಓದಬೇಕಾಗಿದ್ದದ್ದು ಮೊದಲು ತೂಕವೆಂದು, ಆಮೇಲೆ ಪ್ರೊಪೆಲ್ಲರಿನ ಗಾತ್ರವೆಂದು, ಶಕ್ತಿಯೆಂದು ಕಟ್ಟಕಡೆಗೆ. ಈ ಓದಿನ ತಪ್ಪಿನಿಂದ ವಿಮಾನ ಏಳನೆಯ ಹಾರಾಟದಲ್ಲಿ ಮೂತಿ ಮುರಿದುಕೊಂಡಿತು, ನಾನು ಅದಕ್ಕೆ ಎರಡನೆಯ ಸಲ ಎಂಜಿನ್ ಆರಿಸಬೇಕಾಯಿತು. ಎರಡೂ ಸಲ ಹಾಕಿದ ಲೆಕ್ಕ, ಅಳೆದ ತೂಕ, ಕಂಡ ಫಲಿತಾಂಶ ಇವುಗಳನ್ನು ಇಲ್ಲಿ ದಾಖಲಿಸಿದ್ದೇನೆ.

ನಕ್ಷೆ ಮತ್ತು ಮೊದಲ ಲೆಕ್ಕ

ವಿಮಾನದ ರೆಕ್ಕೆಯ ಉದ್ದ 150 ಸೆಂ.ಮೀ., ಅಗಲ ಬುಡದಿಂದ ತುದಿಯವರೆಗೂ ಒಂದೇ ಸಮ 25 ಸೆಂ.ಮೀ., ಅಂದರೆ ವಿಸ್ತೀರ್ಣ 37.5 ಚದರ ಡೆಸಿಮೀಟರ್. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿ ರಬ್ಬರ್ ಬ್ಯಾಂಡುಗಳ ಬಿಗಿತದಲ್ಲಿ ಕೂರುತ್ತದೆ. ಬಾಲವು 6 ಮಿ.ಮೀ. ದಪ್ಪದ ಬಾಲ್ಸಾ ಎಂಬ ಹಗುರ ಮರದ ಹಲಗೆಯಿಂದ ಕತ್ತರಿಸಿದ ಚಪ್ಪಟೆ ಭಾಗ. ಮುಂದೊಂದು ಚಕ್ರ, ಹಿಂದೆ ಎರಡು. ದಪ್ಪ ರೆಕ್ಕೆಯ, ಗಾಳಿಗೆ ಸಾಕಷ್ಟು ಅಡ್ಡವಾಗುವ, ನಿಧಾನವಾಗಿ ಹಾರಲೆಂದೇ ರೂಪಿಸಿದ ವಿಮಾನವಿದು. ಗುರುತ್ವ ಕೇಂದ್ರವನ್ನು ರೆಕ್ಕೆಯ ಮುಂದಿನ ಅಂಚಿನಿಂದ 75 ಮಿ.ಮೀ. ಹಿಂದಕ್ಕೆ, ಅಂದರೆ ಅಗಲದ ಶೇಕಡಾ 30ರಲ್ಲಿ ಗುರುತಿಸಲಾಗಿತ್ತು.

‘45’ ಎಂದರೆ 0.45 ಘನ ಅಂಗುಲ, ಸುಮಾರು 7.4 ಸಿಸಿ. ಆ ಕಾಲದ ಮಾದರಿ ಎಂಜಿನ್‌ಗಳಲ್ಲಿ ಹೆಚ್ಚಿನವು ಅಡ್ಡಹರಿವಿನವು. ಒಳಬರುವ ಮಿಶ್ರಣದ ಕಿಂಡಿ ಒಂದು ಬದಿಗೆ, ಹೊಗೆಯ ಕಿಂಡಿ ಎದುರು ಬದಿಗೆ ಇದ್ದು, ಹೊಸ ಮಿಶ್ರಣ ನೇರವಾಗಿ ಹೊರಗೆ ನುಗ್ಗದಂತೆ ತಡೆಯಲು ಪಿಸ್ಟನ್ನಿನ ನೆತ್ತಿಯ ಮೇಲೊಂದು ದಿಂಡು ಇರುತ್ತಿತ್ತು. 1970ರ ದಶಕದಲ್ಲಿ ಷ್ನುರ್ಲೆ ವಿನ್ಯಾಸ ಮಾದರಿ ಎಂಜಿನ್‌ಗಳಲ್ಲಿ ನೆಲೆಯೂರಿತು. ಪಕ್ಕದ ಕಿಂಡಿಗಳು ಓರೆಯಾಗಿ ತೆರೆದು ಮಿಶ್ರಣವನ್ನು ಸಿಲಿಂಡರಿನ ಹಿಂಗೋಡೆಯತ್ತ ತಿರುಗಿಸುವುದರಿಂದ ಆ ದಿಂಡು ಬೇಡವಾಯಿತು, ಅಷ್ಟೇ ಗಾತ್ರದಿಂದ ಹೆಚ್ಚು ಶಕ್ತಿ ಹೊರಟಿತು. ಆದ್ದರಿಂದ ಹಳೆಯ ನಕ್ಷೆಯ 60ಕ್ಕೆ ಇಂದಿನ 46, ಹಳೆಯ 45ಕ್ಕೆ ಇಂದಿನ 32 ಸಾಕೆಂಬ ಮಾತು ಕಟ್ಟುವವರ ನಡುವೆ ಚಾಲ್ತಿಯಲ್ಲಿದೆ. ಶಕ್ತಿಯ ಮಟ್ಟಿಗೆ ಆ ಮಾತು ಸುಳ್ಳಲ್ಲ. ನನ್ನ ಬಳಿ ಬಾಲ್ ಬೇರಿಂಗಿನ 32 ಟೂ-ಸ್ಟ್ರೋಕ್ ಇತ್ತು: 5.2 ಸಿಸಿ, ಸೈಲೆನ್ಸರ್ ಸೇರಿ 345 ಗ್ರಾಂ. ಹಗುರವಾದಷ್ಟೂ ಒಳ್ಳೆಯದೆಂದು ಹೆಚ್ಚು ಯೋಚಿಸದೆ ಅದನ್ನೇ ಗೊತ್ತುಮಾಡಿದೆ.

ಅದೇ ನಕ್ಷೆಯ ಕೆಳಮೂಲೆಯಲ್ಲಿ ಇನ್ನೊಂದು ಅಂಕಿಯಿತ್ತು: ರೇಡಿಯೋ ಉಪಕರಣಗಳ ಒಟ್ಟು ತೂಕ 22 ಔನ್ಸ್, ಅಂದರೆ 620 ಗ್ರಾಂಗಿಂತ ಹೆಚ್ಚು. ಬ್ಯಾಟರಿಯನ್ನು ಇಂಧನ ಟ್ಯಾಂಕಿನ ಕೆಳಗೆ, ರಿಸೀವರನ್ನು ಅದರ ಬೆನ್ನಿಗೇ ಬರೆದಿದ್ದರು. ಎರಡೂ ಗುರುತ್ವ ಕೇಂದ್ರದ ಮುಂದೆ. ನನ್ನ ನಾಲ್ಕು ಸರ್ವೊ (ಚುಕ್ಕಾಣಿಗಳನ್ನೂ ಥ್ರಾಟಲನ್ನೂ ಅಲುಗಿಸುವ ಪುಟ್ಟ ಮೋಟಾರುಗಳು), ರಿಸೀವರ್, ಬ್ಯಾಟರಿ, ಸ್ವಿಚ್ಚು, ತಂತಿ ಎಲ್ಲ ಸೇರಿ 310 ಗ್ರಾಂ. ಅದರಲ್ಲಿ ರಿಸೀವರಿನ ಪಾಲು ಬರೀ 12 ಗ್ರಾಂ. ವಿನ್ಯಾಸಕಾರ ಮೂತಿಯ ಉದ್ದವನ್ನು ನಿಗದಿ ಮಾಡಿದ್ದು ಆ ಭಾರದ ಪೆಟ್ಟಿಗೆಗಳನ್ನು ಲೆಕ್ಕಕ್ಕೆ ಹಿಡಿದು. ನಾನು ಆ ಪೆಟ್ಟಿಗೆಗಳನ್ನೂ ತೆಗೆದೆ, ಎಂಜಿನ್ನನ್ನೂ ಚಿಕ್ಕದು ಮಾಡಿದೆ, ಮೂತಿಯನ್ನು ಮಾತ್ರ ಅಷ್ಟೇ ಗಿಡ್ಡವಾಗಿ ಬಿಟ್ಟೆ. ಆ ಅಂಕಿಯನ್ನು ನಾನು ಓದಿದ್ದೆ; ಅದು ನನ್ನ ಎಂಜಿನ್ನಿಗೆ ಸಂಬಂಧಿಸಿದ ಮಾತು ಎಂದು ಹೊಳೆಯಲಿಲ್ಲ.

ಕಟ್ಟುವಾಗ ನಡೆದದ್ದು

ನಕ್ಷೆ ನನಗೆ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಪ್ರತಿಯಾಗಿ. ಮುದ್ರಿಸಿದ ಮೇಲೆ ಅರ್ಧ ರೆಕ್ಕೆಯನ್ನು ಅಳೆದರೆ 750 ಮಿ.ಮೀ. ಇರಬೇಕಾದ ಕಡೆ 741 ಬಂತು, ಅಡ್ಡ ದಿಕ್ಕಿನಲ್ಲಿ ಮಾತ್ರ ಅಳತೆ ಸರಿಯಿತ್ತು. ಹೀಗೆ ಒಂದೇ ದಿಕ್ಕಿಗೆ ಕುಗ್ಗಿದ ಕಾಗದದಿಂದ ರಿಬ್ಬುಗಳನ್ನು ಕತ್ತರಿಸಿದರೆ ಹೇಗೋ ಹೊಂದುತ್ತವೆ, ಆದರೆ ಒಡಲಿನ ಅಡ್ಡಚೌಕಟ್ಟುಗಳು ಪಕ್ಕದ ಹಲಗೆಯ ಗುರುತುಗಳಿಗೆ ಕೂರುವುದಿಲ್ಲ. ಆ ದಿಕ್ಕನ್ನು ಶೇಕಡಾ 1.2ರಷ್ಟು ಹಿಗ್ಗಿಸಿ ಮರುಮುದ್ರಿಸಿದ ಬಳಿಕ ಎಲ್ಲವೂ ತಾಳೆಯಾಯಿತು. ರೆಕ್ಕೆಯ ಎಡಭಾಗವನ್ನಷ್ಟೇ ಬರೆದಿದ್ದರಿಂದ ಕಾಗದಕ್ಕೆ ಎಣ್ಣೆ ಸವರಿ, ಗೆರೆಗಳು ಹಿಂಬದಿಗೆ ಮೂಡುವಂತೆ ಮಾಡಿ, ತಿರುವಿ ಹಾಕಿ ಬಲಭಾಗವನ್ನು ಕಟ್ಟಿದೆ. (ತಿರುವಿ ಹಾಕುವುದನ್ನು ಮರೆತು ಎರಡು ಎಡರೆಕ್ಕೆ ಕಟ್ಟಿದವರು ನಮ್ಮಲ್ಲಿ ವಿರಳವಲ್ಲ, ಹಿಂದೊಮ್ಮೆ ನಾನೂ ಆ ಸಾಲಿಗೆ ಸೇರಿದ್ದೆ.) ಅಂಗುಲದ ಭಿನ್ನರಾಶಿಗಳನ್ನು ಹತ್ತಿರದ ಮಿಲಿಮೀಟರಿಗೆ ಬದಲಿಸಿಕೊಂಡದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ.

ತೊಂದರೆಯಾದದ್ದು ಬಾಲದಲ್ಲಿ. ಬಾಲ್ಸಾ ಒಂದೇ ಮರವಾದರೂ ಹಲಗೆಯಿಂದ ಹಲಗೆಗೆ ಅದರ ಸಾಂದ್ರತೆ ಇಮ್ಮಡಿಗಿಂತ ಹೆಚ್ಚು ವ್ಯತ್ಯಾಸವಾಗಬಲ್ಲದು. ಬಾಲಕ್ಕೆ ಘನ ಮೀಟರಿಗೆ 130 ಕಿಲೋ ಆಸುಪಾಸಿನ ಹಲಗೆ ಸಾಕಿತ್ತು. ನಾನು ಬಳಸಿದ್ದು 170ರದ್ದು. ಕೈಗೆ ಸಿಕ್ಕಿದ್ದು ಅದು, ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದುದರಿಂದ ಮನಸ್ಸಿಗೂ ಹಿಡಿಸಿತು. ಅಡ್ಡಬಾಲ ಮತ್ತು ನೆಟ್ಟಬಾಲ ಸೇರಿ 116 ಗ್ರಾಂ ತೂಗಿದವು, 88 ಗ್ರಾಂನಲ್ಲಿ ಮುಗಿಯಬಹುದಿತ್ತು. 28 ಗ್ರಾಂ ಏನು ಮಹಾ ಎಂದುಕೊಂಡೆ. ಬಾಲವು ಗುರುತ್ವ ಕೇಂದ್ರದಿಂದ 660 ಮಿ.ಮೀ. ಹಿಂದೆ, ಮೂತಿಯಲ್ಲಿ ತೂಕ ಸೇರಿಸಬಹುದಾದ ಜಾಗ 290 ಮಿ.ಮೀ. ಮುಂದೆ. ಬಾಲದ 28 ಗ್ರಾಂಗೆ ಮೂತಿಯಲ್ಲಿ 64 ಗ್ರಾಂ ತೆರಬೇಕು.

ತೂಗಿ ನೋಡಿದಾಗ

ಹೊದಿಕೆ ಹಾಕಿ, ಉಪಕರಣಗಳನ್ನು ಕೂರಿಸಿ, ಟ್ಯಾಂಕ್ ಖಾಲಿಯಿಟ್ಟು ವಿಮಾನವನ್ನು ಎರಡು ತೋರುಬೆರಳುಗಳ ಮೇಲೆ ರೆಕ್ಕೆಯಡಿ 75 ಮಿ.ಮೀ. ಗುರುತಿನಲ್ಲಿ ಎತ್ತಿದೆ. ಬಾಲ ನಿಧಾನವಾಗಿ ಇಳಿಯಲಿಲ್ಲ, ಧೊಪ್ಪನೆ ಮೇಜಿಗೆ ಬಡಿಯಿತು. ಬೆರಳುಗಳನ್ನು ಹಿಂದೆ ಹಿಂದೆ ಸರಿಸುತ್ತ ಹೋದರೆ 96 ಮಿ.ಮೀ.ನಲ್ಲಿ ಸಮತೋಲ ನಿಂತಿತು. ಒಟ್ಟು ತೂಕ 2,150 ಗ್ರಾಂ. ಟ್ಯಾಂಕನ್ನು ಖಾಲಿಯಿಟ್ಟೇ ನೋಡಬೇಕಾದ ಕಾರಣವೆಂದರೆ, ಟ್ಯಾಂಕು ಗುರುತ್ವ ಕೇಂದ್ರದ ಮುಂದಿರುವುದರಿಂದ ಇಂಧನ ಕರಗಿದಂತೆಲ್ಲ ಕೇಂದ್ರ ಹಿಂದಕ್ಕೆ ಜರುಗುತ್ತದೆ. ಬಾಲಭಾರ ಅತಿ ಹೆಚ್ಚಾಗುವುದು ಇಳಿಯುವ ಹೊತ್ತಿಗೆ, ಎಲಿವೇಟರಿನ (ಮೂತಿಯನ್ನು ಏರಿಳಿಸುವ ಬಾಲದ ರೆಪ್ಪೆ) ಸಣ್ಣ ಅಲುಗಾಟಕ್ಕೂ ವಿಮಾನ ಎಗರಿಬೀಳುವ ಆ ಸ್ಥಿತಿ ನೆಲದ ಹತ್ತಿರ ಯಾರಿಗೂ ಬೇಡ.

2,150 ಗ್ರಾಂ ಭಾರ 21 ಮಿ.ಮೀ. ಹಿಂದಿದೆ ಎಂದರೆ ಸರಿದೂಗಿಸಬೇಕಾದ ಭ್ರಾಮಕ (ತೂಕ × ದೂರ) 45,150 ಗ್ರಾಂ-ಮಿ.ಮೀ. ಅದನ್ನು 290ರಿಂದ ಭಾಗಿಸಿದರೆ 156 ಗ್ರಾಂ ಸೀಸ ಬೇಕು. ಮೊದಲು ಬ್ಯಾಟರಿಯನ್ನು 150 ಮಿ.ಮೀ. ಮುಂದಕ್ಕೆ, ನಕ್ಷೆ ತೋರಿಸಿದ್ದ ಜಾಗಕ್ಕೇ ಒಯ್ದೆ. ಅದು 100 ಗ್ರಾಂ ಇದ್ದುದರಿಂದ 15,000 ಕಳೆದು, ಉಳಿದ 30,150ಕ್ಕೆ 104 ಗ್ರಾಂ ಸೀಸ ಸಾಕಾಯಿತು. ಸೀಸದ ತುಂಡನ್ನು ಫೈರ್‌ವಾಲ್ (ಎಂಜಿನ್ ಕೂರುವ ಪ್ಲೈವುಡ್ ಗೋಡೆ) ಮುಂದೆ, ಎಂಜಿನ್ನಿನ ಅಡಿಯ ಗಲ್ಲದೊಳಗೆ ಎಪಾಕ್ಸಿಯಿಂದ ಅಂಟಿಸಿದೆ. ಸ್ಕ್ರೂ ಹಾಕಲಿಲ್ಲ.

ಬಾಲವನ್ನು ಹಗುರ ಹಲಗೆಯಿಂದ ಮತ್ತೆ ಮಾಡುವುದೇ ಆ ಹಂತದಲ್ಲಿ ಸರಿಯಾದ ಮದ್ದಾಗಿತ್ತು. ಹಾಗೆ ಮಾಡಿದ್ದರೆ ಸೀಸ 40 ಗ್ರಾಂಗೆ ಇಳಿದು ಇಡೀ ವಿಮಾನ 90 ಗ್ರಾಂಗೂ ಹೆಚ್ಚು ಹಗುರವಾಗುತ್ತಿತ್ತು. ಹೊದಿಕೆ ಹಾಕಿ ಮುಗಿಸಿದ ಭಾಗವನ್ನು ಕತ್ತರಿಸಲು ಕೈ ಬರಲಿಲ್ಲ, ಅದಕ್ಕಿಂತ ಬೇರೆ ಸಮಜಾಯಿಷಿ ನನ್ನಲ್ಲಿಲ್ಲ.

ಏಳು ಹಾರಾಟಗಳು

ಹಾರಿದ್ದೇನೋ ಹಾರಿತು. ಆದರೆ ಓಟ ಉದ್ದವಾಗುತ್ತಿತ್ತು, ಏರು ಸಪ್ಪೆಯಾಗಿತ್ತು, ವೇಗ ತಗ್ಗಿದಾಗ ಥ್ರಾಟಲ್ ತೆರೆದರೆ ಸದ್ದು ಏರುವಷ್ಟು ಬೇಗ ಎಳೆತ ಬರುತ್ತಿರಲಿಲ್ಲ. 32ಕ್ಕೆ 10×5 ಪ್ರೊಪೆಲ್ಲರ್ ಹಾಕಿದ್ದೆ, ಅಂದರೆ ವ್ಯಾಸ 10 ಅಂಗುಲ, ಪಿಚ್ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) 5 ಅಂಗುಲ. ನೆಲದ ಮೇಲೆ ಟ್ಯಾಕೊಮೀಟರ್ ನಿಮಿಷಕ್ಕೆ 12,500 ಸುತ್ತು ತೋರಿಸುತ್ತಿತ್ತು. ಇಂದಿನ ಚಿಕ್ಕ ಎಂಜಿನ್ ತನ್ನ ಘೋಷಿತ ಶಕ್ತಿಯನ್ನು ಕೊಡುವುದು ಅದಕ್ಕಿಂತಲೂ ಬಹಳ ಮೇಲಿನ ಸುತ್ತುಗಳಲ್ಲಿ, ಚಿಕ್ಕ ಪ್ರೊಪೆಲ್ಲರಿನೊಂದಿಗೆ. ದಪ್ಪ ಒಡಲಿನ ನಿಧಾನ ವಿಮಾನಕ್ಕೆ ಬೇಕಾದದ್ದು ದೊಡ್ಡ ತಟ್ಟೆಯಷ್ಟು ಗಾಳಿಯನ್ನು ಮೆಲ್ಲಗೆ ಹಿಂದೆ ತಳ್ಳುವ ಪ್ರೊಪೆಲ್ಲರ್. ಹಳೆಯ 45 ಹನ್ನೊಂದು ಅಂಗುಲದ್ದನ್ನು ತಿರುಗಿಸುತ್ತಿತ್ತೆಂದು ನಕ್ಷೆಯಲ್ಲೇ ಬರೆದಿತ್ತು.

ಏಳನೆಯ ಸಲ ಇಳಿಸುವಾಗ ಎತ್ತರ ಸಾಲದೆಂದು ಕಂಡು, ಮತ್ತೊಂದು ಸುತ್ತು ಹೋಗೋಣವೆಂದು ಥ್ರಾಟಲ್ ಪೂರ್ತಿ ತೆರೆದು ಎಲಿವೇಟರ್ ಎಳೆದೆ. ಎಂಜಿನ್ ಕಿರುಚಿತು, ವಿಮಾನ ಮೂತಿಯೆತ್ತಿ ಅಲ್ಲೇ ತಡೆದು ನಿಂತಂತಾಗಿ ಎರಡಾಳೆತ್ತರದಿಂದ ಮುಂಚಕ್ರದ ಮೇಲೆ ಬಿತ್ತು. ವೇಗ ಬರುವ ಮೊದಲೇ ಎಲಿವೇಟರ್ ಎಳೆದದ್ದು ನನ್ನ ತಪ್ಪು. ಎಳೆತ ತಡವಾಗಿ ಬಂದದ್ದು ನನ್ನ ಆಯ್ಕೆಯ ತಪ್ಪು. ಮುಂಗಾಲು ಹಿಂದಕ್ಕೆ ಮಡಿಸಿ ಫೈರ್‌ವಾಲ್‌ನ ಕೆಳಅಂಚನ್ನು ಕಿತ್ತಿತ್ತು. ಸೀಸದ ತುಂಡು ಗಲ್ಲವನ್ನು ಸೀಳಿಕೊಂಡು ಹೋಗಿ ವಿಮಾನಕ್ಕಿಂತ ಮೂರು ಮಾರು ಮುಂದೆ ಹುಲ್ಲಿನಲ್ಲಿ ಸಿಕ್ಕಿತು, ಅದರ ಬೆನ್ನಿಗೆ ಪ್ಲೈವುಡ್ಡಿನ ಮೇಲ್ಪದರ ಅಂಟಿಕೊಂಡೇ ಇತ್ತು. ಎಪಾಕ್ಸಿ ಸೋತಿರಲಿಲ್ಲ, ಮರ ಸೋತಿತ್ತು. ಬಿರುಕಿನಿಂದ ಒಸರಿದ ಇಂಧನವನ್ನು ಬಾಲ್ಸಾ ಆಗಲೇ ಹೀರತೊಡಗಿತ್ತು. ಮೆಥನಾಲ್ ಆರಿಹೋಗುತ್ತದೆ, ಅದರಲ್ಲಿ ಬೆರೆತ ಎಣ್ಣೆ ಆರುವುದಿಲ್ಲ. ಎಣ್ಣೆ ಕುಡಿದ ಬಾಲ್ಸಾಕ್ಕೆ ಯಾವ ಅಂಟೂ ಹಿಡಿಯದು. ಹಾಗಾಗಿ ಮೂತಿಯನ್ನು ಟ್ಯಾಂಕಿನ ಕೋಣೆಯ ಅರ್ಧದವರೆಗೆ ಕತ್ತರಿಸಿ ತೆಗೆದೆ.

ಎರಡನೆಯ ಆಯ್ಕೆ

ಈ ಸಲ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: ಗುರುತ್ವ ಕೇಂದ್ರದ ಮುಂದೆ 300 ಮಿ.ಮೀ.ನಲ್ಲಿ ನನಗೆ ಹೇಗಿದ್ದರೂ 100 ಗ್ರಾಂ ಹೆಚ್ಚು ಭಾರ ಬೇಕು. ಆ ಭಾರ ಕೆಲಸ ಮಾಡುವಂಥದ್ದಾದರೆ ಏನಾಗಬಹುದು?

ಆಧುನಿಕ 46 ಟೂ-ಸ್ಟ್ರೋಕ್ ಸೈಲೆನ್ಸರ್ ಸೇರಿ 490 ಗ್ರಾಂ ಹತ್ತಿರ ಬರುತ್ತದೆ. ತೂಕ ಹೊಂದುತ್ತಿತ್ತು, ತುಸು ಹೆಚ್ಚೇ ಆಗಿ ಬ್ಯಾಟರಿಯನ್ನು ಹಿಂದಕ್ಕೆ ತರಬಹುದಿತ್ತು. ನನ್ನ ಹಿಂಜರಿಕೆ ಅದರ ಶಕ್ತಿಯ ಬಗ್ಗೆ: ಚಪ್ಪಟೆ ಹಲಗೆಯ ಬಾಲ, ರಬ್ಬರ್ ಬ್ಯಾಂಡಿನ ರೆಕ್ಕೆ ಇರುವ ವಿಮಾನವನ್ನು ಅದು ಉದ್ದೇಶಿಸದ ವೇಗಕ್ಕೆ ಒಯ್ದರೆ ಎಲಿವೇಟರ್ ಕಂಪಿಸಿ ಕಿತ್ತುಹೋಗುವ ಅಪಾಯವಿದೆ. ಥ್ರಾಟಲ್ ಇರುವುದೇ ಅದಕ್ಕಲ್ಲವೇ ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಕೈ ನನಗೆ ಗೊತ್ತು, ಅಷ್ಟೆ. ವಿದ್ಯುತ್ ಮೋಟಾರಿನ ಲೆಕ್ಕವನ್ನೂ ಹಾಕಿದೆ. ಕಿಲೋಗೆ 220 ವ್ಯಾಟ್ ಹಿಡಿದರೂ 500 ವ್ಯಾಟ್ ಬೇಕು; ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸಮತೋಲ ಸಾಧಿಸುವ ಅನುಕೂಲ ದೊಡ್ಡದೇ. ಆದರೆ ಬ್ಯಾಟರಿ ಬದಲಿಸಲು ಮೂತಿಯ ಮೇಲ್ಛಾವಣಿಯಲ್ಲಿ ಬಾಗಿಲು ತೆರೆಯಬೇಕು, ಈ ನಕ್ಷೆಯಲ್ಲಿ ಆ ಛಾವಣಿಯೇ ಮೂತಿಯ ಬಲ.

ಉಳಿದದ್ದು 52 ಫೋರ್-ಸ್ಟ್ರೋಕ್: 8.5 ಸಿಸಿ, ಸೈಲೆನ್ಸರ್ ಸೇರಿ 460 ಗ್ರಾಂ. 32ಕ್ಕಿಂತ 115 ಗ್ರಾಂ ಹೆಚ್ಚು, 300 ಮಿ.ಮೀ. ದೂರದಲ್ಲಿ 34,500 ಗ್ರಾಂ-ಮಿ.ಮೀ.; ಬೇಕಾಗಿದ್ದದ್ದು 30,150. ಸೀಸವಿಲ್ಲದೆ ಕೇಂದ್ರ 73 ಮಿ.ಮೀ.ಗೆ ಬರಬೇಕೆಂದು ಲೆಕ್ಕ ಹೇಳಿತು. ಇಡೀ ವಿಮಾನದ ತೂಕ ಸೀಸ ಹೊತ್ತಿದ್ದಾಗಿನದಕ್ಕಿಂತ ಹನ್ನೊಂದು ಗ್ರಾಂ ಮಾತ್ರ ಹೆಚ್ಚು.

ಫೋರ್-ಸ್ಟ್ರೋಕ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುವುದರಿಂದ ಅದೇ ಗಾತ್ರದ ಟೂ-ಸ್ಟ್ರೋಕಿಗಿಂತ ಶಕ್ತಿಯಲ್ಲಿ ಹಿಂದೆ. ಆದರೆ ಕಡಿಮೆ ಸುತ್ತಿನಲ್ಲಿ ದೊಡ್ಡ ಪ್ರೊಪೆಲ್ಲರನ್ನು ಹಾಯಾಗಿ ತಿರುಗಿಸುತ್ತದೆ. 12×6 ಹಾಕಿದಾಗ 9,500 ಸುತ್ತು ಬಂತು. ಎಳೆತವು ಸುತ್ತಿನ ವರ್ಗಕ್ಕೂ ವ್ಯಾಸದ ನಾಲ್ಕನೆಯ ಘಾತಕ್ಕೂ ಅನುಗುಣವೆಂದು ಹಿಡಿದು ಎರಡನ್ನೂ ಹೋಲಿಸಿದರೆ, ಪ್ರೊಪೆಲ್ಲರಿಗೆ ತಲುಪುವ ಶಕ್ತಿ ಹೆಚ್ಚುಕಡಿಮೆ ಒಂದೇ ಇದ್ದರೂ ನಿಂತಲ್ಲಿನ ಎಳೆತ ಸುಮಾರು ಐದನೆಯ ಒಂದು ಪಾಲು ಹೆಚ್ಚು. ಪ್ರೊಪೆಲ್ಲರಿನ ಪಿಚ್ ಪ್ರಕಾರದ ವೇಗ ಗಂಟೆಗೆ 95 ಕಿ.ಮೀ.ಯಿಂದ 87ಕ್ಕೆ ಇಳಿಯಿತು. ಈ ವಿಮಾನಕ್ಕೆ ಅದು ನಷ್ಟವಲ್ಲ.

ಇಂಧನದ ಮಿತವ್ಯಯವೂ ಕಡಿಮೆ ಮಾತಲ್ಲ. ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ಮಾದರಿ ವಿಮಾನ 2003ರ ಆಗಸ್ಟಿನಲ್ಲಿ ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ ಸುಮಾರು 39 ಗಂಟೆಗಳಲ್ಲಿ ಅಟ್ಲಾಂಟಿಕ್ ದಾಟಿದ್ದು ಮಾರ್ಪಡಿಸಿದ 10 ಸಿಸಿ ಫೋರ್-ಸ್ಟ್ರೋಕಿನ ಬಲದಿಂದಲೇ. ಇಂಧನ ಸಹಿತ ಅದರ ತೂಕ 5 ಕಿಲೋ ಮಿತಿಯೊಳಗಿತ್ತು. ನನ್ನದು ಮೈದಾನ ದಾಟಿದರೆ ಸಾಕಿತ್ತು.

ಕೂರಿಸಿದ ಬಗೆ

ಫೋರ್-ಸ್ಟ್ರೋಕ್ ಉದ್ದವಾದ ಎಂಜಿನ್. ಪ್ರೊಪೆಲ್ಲರ್ ನಕ್ಷೆಯಲ್ಲಿದ್ದ ಜಾಗದಲ್ಲೇ ನಿಲ್ಲಲೆಂದು 6 ಮಿ.ಮೀ. ಬರ್ಚ್ ಪ್ಲೈವುಡ್ಡಿನ ಹೊಸ ಫೈರ್‌ವಾಲನ್ನು 10 ಮಿ.ಮೀ. ಹಿಂದಕ್ಕೆ ಕೂರಿಸಿ, ಒಳಮೂಲೆಗಳಿಗೆ ಮುಮ್ಮೂಲೆಯ ಮರದ ಪಟ್ಟಿ ಕೊಟ್ಟು, ಈ ಸಲ ಪಕ್ಕದ ಹಲಗೆಗಳ ಮೂಲಕ ಬಿದಿರಿನ ಮೊಳೆಗಳನ್ನೂ ಹೊಡೆದೆ. ಒಳಗೋಡೆಗಳಿಗೆಲ್ಲ ತೆಳು ಎಪಾಕ್ಸಿ ಬಳಿದೆ.

ಹೆಚ್ಚು ಹೊತ್ತು ಹಿಡಿದದ್ದು ಟ್ಯಾಂಕಿನ ಎತ್ತರ. ಕಾರ್ಬ್ಯುರೇಟರಿನ ಸೂಜಿ ಮತ್ತು ಟ್ಯಾಂಕಿನ ನಡುಗೆರೆ ಒಂದೇ ಮಟ್ಟದಲ್ಲಿರಬೇಕು, ಇಲ್ಲವೇ ನಡುಗೆರೆ ಕೂದಲೆಳೆಯಷ್ಟು ಕೆಳಗಿರಬೇಕು. ಟ್ಯಾಂಕು ಮೇಲಿದ್ದರೆ ತುಂಬಿದಾಗ ಇಂಧನ ತಾನೇ ಹರಿದು ಎಂಜಿನ್ ಉಸಿರುಗಟ್ಟುತ್ತದೆ, ತೀರಾ ಕೆಳಗಿದ್ದರೆ ಮೂತಿಯೆತ್ತಿ ಏರುವಾಗ ಇಂಧನ ಸಾಲದೆ ಬಿಸಿಯೇರಿ ನಿಲ್ಲುತ್ತದೆ. ಈ ಎಂಜಿನ್ನಿನ ಕಾರ್ಬ್ಯುರೇಟರ್ ಹಿಂಬದಿಯಲ್ಲಿ ತಗ್ಗಿನಲ್ಲಿದೆ. ಸೂಜಿಯ ಮಟ್ಟದಿಂದ ಒಂದು ದಾರವನ್ನು ಒಡಲಿನ ಪಕ್ಕಕ್ಕೆ ಬಿಗಿಯಾಗಿ ಎಳೆದು ನೋಡಿದರೆ ಟ್ಯಾಂಕಿನ ನಡು ದಾರಕ್ಕಿಂತ 9 ಮಿ.ಮೀ. ಮೇಲಿತ್ತು. ಟ್ಯಾಂಕಿನಡಿಯ ಹಲಗೆಯನ್ನು ಕಿತ್ತು ಕೆಳಗಿಳಿಸಬೇಕಾಯಿತು. ಅದರ ಕೆಳಗಿದ್ದ ಬ್ಯಾಟರಿಗೆ ಜಾಗ ಸಾಲದೆ ಅದನ್ನು ಅಡ್ಡಲಾಗಿ ಮಲಗಿಸಿದೆ.

ಹನ್ನೆರಡು ಅಂಗುಲದ ಪ್ರೊಪೆಲ್ಲರ್ ನಕ್ಷೆಯ ಹನ್ನೊಂದಕ್ಕಿಂತ ನೆಲಕ್ಕೆ 13 ಮಿ.ಮೀ. ಹತ್ತಿರ. ಮುಂಗಾಲನ್ನು ಮಾತ್ರ ಉದ್ದ ಮಾಡಿದರೆ ವಿಮಾನ ನೆಲದ ಮೇಲೆ ಮೂತಿಯೆತ್ತಿ ನಿಂತು ವೇಗ ಬರುವ ಮೊದಲೇ ಏಳಲು ನೋಡುತ್ತದೆ. ಆದ್ದರಿಂದ ಮೂರೂ ಚಕ್ರಗಳನ್ನು 64 ಮಿ.ಮೀ.ಯಿಂದ 76ಕ್ಕೆ ಬದಲಿಸಿದೆ, 6 ಮಿ.ಮೀ. ಎತ್ತರ ದಕ್ಕಿತು, ಕತ್ತರಿಸಿದ ಹುಲ್ಲಿಗೆ ಅದು ಸಾಕು. ಕವಾಟಗಳ ಸಂದನ್ನು ಎಂಜಿನ್ ತಣ್ಣಗಿದ್ದಾಗ ಕೈಪಿಡಿ ಹೇಳಿದಂತೆ 0.04ರಿಂದ 0.10 ಮಿ.ಮೀ. ಒಳಗೆ ನಿಲ್ಲಿಸಿದೆ. ಫೋರ್-ಸ್ಟ್ರೋಕ್ ಹಿಂದಕ್ಕೆ ಒದೆದರೆ ಪ್ರೊಪೆಲ್ಲರಿನ ನಟ್ಟು ಕಳಚಿ ಹಾರಬಲ್ಲದು, ಅದಕ್ಕೆ ಜೋಡಿ ನಟ್ಟು ಕಡ್ಡಾಯ.

ಫಲಿತಾಂಶ

ಚಕ್ರಗಳ ಹೆಚ್ಚುವರಿ ಸೇರಿ ಒಟ್ಟು ತೂಕ 2,280 ಗ್ರಾಂ, ಚದರ ಡೆಸಿಮೀಟರಿಗೆ 61 ಗ್ರಾಂಗೆ ತುಸು ಕಡಿಮೆ. ಬೆರಳುಗಳ ಮೇಲೆ 73 ಮಿ.ಮೀ.ನಲ್ಲಿ ನಿಂತಿತು. ಓಟ ಹಿಂದಿನದರ ಮೂರನೆಯ ಎರಡು ಪಾಲಿಗೆ ಇಳಿಯಿತು. ಏರುವಾಗ ಎಡಕ್ಕೆ ಎಳೆಯುತ್ತಿದ್ದುದರಿಂದ ಎಂಜಿನ್ ಮೌಂಟಿನ ಎಡಬದಿಗೆ 1 ಮಿ.ಮೀ. ವಾಷರ್ ಕೊಟ್ಟು, ಬಲಕ್ಕೆ ಇದ್ದ 2 ಡಿಗ್ರಿ ಓರೆಯನ್ನು 3ರ ಮೇಲೆ ಒಯ್ದೆ. ಮೂರನೆಯ ದಿನ ಬೇಕೆಂದೇ ತಗ್ಗಿನಲ್ಲಿ ನಿಧಾನವಾಗಿ ಬಂದು ಥ್ರಾಟಲ್ ತೆರೆದು ನೋಡಿದೆ, ಈ ಸಲ ಎಲಿವೇಟರ್ ಮುಟ್ಟದೆ. ಸದ್ದು ಅಷ್ಟೇನೂ ಏರಲಿಲ್ಲ, ವಿಮಾನ ಮುಂದೆ ಹೋಯಿತು.

ಉಳಿದಿರುವ ಕೊರತೆ ಇಂಧನದ್ದು. 240 ಸಿಸಿ ಟ್ಯಾಂಕ್ ತುಂಬಿದಾಗ ಅದರೊಳಗಿನ 205 ಗ್ರಾಂ ಗುರುತ್ವ ಕೇಂದ್ರವನ್ನು 14 ಮಿ.ಮೀ. ಮುಂದಕ್ಕೆ, 59ಕ್ಕೆ ಒಯ್ಯುತ್ತದೆ. ಏಳುವಾಗ ಎಲಿವೇಟರನ್ನು ಎತ್ತಿ ಹಿಡಿಯಬೇಕು, ಇಳಿಯುವ ಹೊತ್ತಿಗೆ ಆ ಟ್ರಿಮ್ (ಎಲಿವೇಟರಿನ ಹೊಂದಿಕೆ) ಹೆಚ್ಚಾಗಿ ಮೂತಿ ಮೇಲೆದ್ದುಬಿಡುತ್ತದೆ. 32 ಇದ್ದಾಗ ಇದೇ ಟ್ಯಾಂಕ್ ಹತ್ತು ನಿಮಿಷಕ್ಕೆ ಬರಿದಾಗುತ್ತಿತ್ತು. ಫೋರ್-ಸ್ಟ್ರೋಕ್ ನಿಮಿಷಕ್ಕೆ 16 ಸಿಸಿ ಕುಡಿಯುವುದರಿಂದ ಹದಿನೈದು ನಿಮಿಷ ಹಾರಬಹುದು, ಅಷ್ಟು ಹೊತ್ತು ನನಗೆ ಬೇಕಿಲ್ಲ. ಸದ್ಯಕ್ಕೆ 160 ಸಿಸಿ ಮಾತ್ರ ತುಂಬುತ್ತಿದ್ದೇನೆ. ಮುಂದಿನ ಸಲ ಮೂತಿ ಬಿಚ್ಚಿದಾಗ ಚಿಕ್ಕ ಟ್ಯಾಂಕ್ ಹಾಕಿ, ಉಳಿಯುವ ಜಾಗದಲ್ಲಿ ಬ್ಯಾಟರಿಯನ್ನು ನೆಟ್ಟಗೆ ಕೂರಿಸುವುದೆಂದು ನಕ್ಷೆಯ ಅಂಚಿನಲ್ಲಿ, ‘45’ರ ಕೆಳಗೆ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.